ಹದಿನಾರಕ್ಕೆ ನಾನೇ ಇಟ್ಟೆ

ಥಂಡರ್ ಬೇ
ಮಂಗಳವಾರ, ಡಿಸೆಂಬರ್ 9, 2014

ಐಲಾ,

ಹೆಸರಿನ ಹಿಂದೆ ಏನೋ ಬರೆದು ಹೊಡೆದುಹಾಕಿದೆ. ಬರಿಯ ಹೆಸರೇ ಇರಲಿ. ನೀನು ಫೋನು ಎತ್ತುವುದಿಲ್ಲ, ಅದು ಸರಿಯೇ. ಆದ್ದರಿಂದ ಇದನ್ನು ನಿನ್ನ ಅಕ್ಕ ವರ್ನಾಳ ಕೈಗೆ ಕೊಡುತ್ತಿದ್ದೇನೆ. ಗುರುವಾರ ವಕೀಲರ ಕಚೇರಿಗೆ ಹೋಗುವ ಮುಂಚೆ ಓದು. ಓದದೆ ಸಹಿ ಹಾಕಬೇಡ, ದಮ್ಮಯ್ಯ.

ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ, ಕೊನೆಯವರೆಗೆ ಧೈರ್ಯ ಉಳಿಯುತ್ತದೋ ಇಲ್ಲವೋ. ನಿನ್ನ ತಲೆ ಸರಿಯಾಗಿದೆ. ನೀನು ಏನನ್ನೂ ಮರೆತಿಲ್ಲ. ಥರ್ಮೋಸ್ಟಾಟನ್ನು ನೀನು ಹದಿನಾರು ಡಿಗ್ರಿಗೆ ಇಳಿಸಿದ್ದು ನಿಜ, ಅದು ಅಲ್ಲೇ ಇದ್ದದ್ದೂ ನಿಜ. ಮನೆಯನ್ನು ಇಪ್ಪತ್ತೆರಡಕ್ಕೆ ಏರಿಸುತ್ತಿದ್ದವನು ನಾನು.

ಥರ್ಮೋಸ್ಟಾಟಿನಿಂದ ನೆಲಮಾಳಿಗೆಯ ಹೀಟರಿಗೆ ಇಳಿಯುವುದು ಎರಡೇ ತಂತಿ. ಅವೆರಡು ಕೂಡಿದರೆ ಅದು ಹೊತ್ತಿಕೊಳ್ಳುತ್ತದೆ. ಕೂಡಿಸಿದವರು ಯಾರೆಂದು ಅದು ಕೇಳುವುದಿಲ್ಲ. ನಮ್ಮ ಮಗಳು ಕೈಸಾ ಹುಟ್ಟಿದ ಚಳಿಗಾಲ ನಾನು ಅಲ್ಲಿ ಕಂಪ್ಯೂಟರಿಗೆ ತಂತಿ ಕೂಡಿಸುವ ಸ್ವಿಚ್ಚು, ಒಂದು ರಿಲೇ ಕಟ್ಟಿ, ಅದರ ತಂತಿಗಳನ್ನೂ ಆ ಎರಡಕ್ಕೇ ಜೋಡಿಸಿದ್ದೆ, ನೀವಿಬ್ಬರೂ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮನೆ ಬೆಚ್ಚಗಿರಲಿ ಎಂದು. ಗೋಡೆಯ ಮೇಲಿನ ಥರ್ಮೋಸ್ಟಾಟನ್ನು ಕಿತ್ತುಹಾಕಲು ಹೊರಟಾಗ ತಡೆದವಳು ನೀನು. "ನಿನ್ ಕಂಪ್ಯೂಟರ್ ಕೈಕೊಟ್ಟ ದಿನ ನಾವು ಸೆಟೆದು ಸಾಯ್ಬೇಕಾ? ಅದು ಅದರ ಪಾಡಿಗೆ ಇರ್ಲಿ ಬಿಡು" ಅಂದಿದ್ದೆ. ಹಾಗಾಗಿ ಎರಡೂ ಅಕ್ಕಪಕ್ಕದಲ್ಲಿ ಉಳಿದವು. ಯಾವುದು ಬೇಕೆಂದರೂ ಬೆಂಕಿ ಹೊತ್ತುತ್ತದೆ. ಇನ್ನೊಂದು ಬೇಡವೆಂದರೆ ಅದು ಲೆಕ್ಕಕ್ಕಿಲ್ಲ. ಆಗ ಅದನ್ನು ಸುರಕ್ಷೆ ಎಂದುಕೊಂಡಿದ್ದೆವು.

ಆಗಸ್ಟಿನಲ್ಲಿ ಮನೆ ಬಿಟ್ಟಾಗ, ಆ ಕಂಪ್ಯೂಟರ್ ಕೆಟ್ಟಿದೆ, ಆಮೇಲೆ ಒಯ್ಯುತ್ತೇನೆ ಎಂದಿದ್ದೆ. ಕೆಟ್ಟಿರಲಿಲ್ಲ. ನನ್ನ ಬಾಡಿಗೆ ಕೋಣೆಯ ಪರದೆಯಲ್ಲಿ ಆ ಮನೆಯ ಉಷ್ಣತೆ ಕಾಣುತ್ತದೆ. ಒಂದು ಅಂಕಿ, ಅಷ್ಟೇ. ಸಂಜೆ ಐದಕ್ಕೆ ಅದು ಅರ್ಧ ಡಿಗ್ರಿ ಕುಸಿದರೆ ನೀವಿಬ್ಬರೂ ಬಾಗಿಲು ತೆರೆದು ಒಳಗೆ ಬಂದಿರಿ ಎಂದರ್ಥ. ಆರಕ್ಕೆ ತುಸು ಏರಿದರೆ ಒಲೆಯಲ್ಲಿ ಏನೋ ಬೇಯುತ್ತಿದೆ. ನಾನು ಆ ಅಂಕಿಯ ಎದುರು ಕೂತು ಊಟ ಮಾಡುತ್ತಿದ್ದೆ.

ಅಕ್ಟೋಬರ್ ಕೊನೆಯ ಒಂದು ಸಂಜೆ ಹೊರಗೆ ಸೊನ್ನೆಗಿಂತ ಹನ್ನೆರಡು ಕೆಳಗಿತ್ತು. ಒಳಗೆ ಹದಿನಾರು. ಕೈಸಾಳ ಕಿವಿನೋವು ನೆನಪಾಯಿತು. ಪರದೆಯ ಮೇಲಿನ ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಹದಿನಾರು ಹದಿನೇಳಾಯಿತು. ಆ ಮನೆಯಲ್ಲಿ ನನ್ನಿಂದ ಇನ್ನೂ ಏನೋ ಆಗುತ್ತದೆ ಎಂದು ಅನ್ನಿಸಿದ್ದು ತಿಂಗಳುಗಳ ನಂತರ ಅದೇ ಮೊದಲು. ಇಪ್ಪತ್ತೆರಡಾದಾಗ ನಿಲ್ಲಿಸಿದೆ. ಮರುದಿನವೂ ಒತ್ತಿದೆ. ಆಮೇಲೆ ಅದು ಸಂಜೆಯ ಕೆಲಸವಾಯಿತು. ಅದಕ್ಕೆ ಕಾಳಜಿ ಎಂದು ಹೆಸರಿಟ್ಟುಕೊಂಡೆ.

ಮೊನ್ನೆ ಭಾನುವಾರ ವರ್ನಾ ಬಂದಳು. ಒಳಗೆ ಬರಲಿಲ್ಲ, ಬೂಟಿನ ಹಿಮವನ್ನೂ ಕೊಡವಲಿಲ್ಲ. "ಖುಷಿಪಡಪ್ಪಾ ಆರ್ನೆ. ಗುರುವಾರ ಅವಳು ಸಹಿ ಹಾಕ್ತಾಳೆ, ಮಗು ನಿನ್ ಪಾಲಿಗೇ ಬರುತ್ತೆ" ಅಂದಳು. ಹೀಟರ್ ರಿಪೇರಿಯ ಸ್ಕ್ರಾಬಾ ಎರಡು ಸಲ ಬಂದು ಹೋದನಂತೆ. "ಮನೆ ಬೆಚ್ಚಗಿದೆ ಅಂತ ದೂರು ಕೊಡೋ ಹೆಂಗಸನ್ನ ಈ ಊರಲ್ಲಿ ಇವತ್ತೇ ನೋಡಿದ್ದು ಕಣಮ್ಮ" ಎಂದು ನಕ್ಕನಂತೆ. ಹೊಸ ಥರ್ಮೋಸ್ಟಾಟ್ ಹಾಕಿ ನೋಡಿ, "ಇದು ತಾನಾಗಿ ಉರಿಯೋ ವಸ್ತು ಅಲ್ಲ. ಯಾರೋ ಏರಿಸ್ತಾರೆ, ಆಮೇಲೆ ಇಳಿಸ್ತಾರೆ. ಮನೇಲಿ ಇನ್ಯಾರಿದಾರೆ?" ಅಂದನಂತೆ. ಏಳು ವರ್ಷದ ಕೈಸಾಗೆ ಅದು ಎಟುಕುವುದಿಲ್ಲ. ಉಳಿದವಳು ನೀನೊಬ್ಬಳೇ.

"ನನ್ ತಂಗಿಗೆ ನಲವತ್ತೈದು ಕಣೋ. ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು, ಐವತ್ತಕ್ಕೆ ನಮ್ ಮುಖಾನೇ ಮರೆತಿದ್ಲು. ಏರಿಸಿದ್ದು ನೆನಪಿಲ್ಲ, ಇಳಿಸಿದ್ದು ನೆನಪಿಲ್ಲ, ನಾಳೆ ಮಗೂನ ಎಲ್ಲಿ ಬಿಟ್ಟೆ ಅಂತ ನೆನಪಿರಲ್ಲ, ಅವರಪ್ಪನ ಹತ್ರಾನೇ ಇರ್ಲಿ ಅಂತಾಳೆ." ಇಷ್ಟು ಹೇಳಿ ವರ್ನಾ ಅತ್ತಳು. ಅವಳು ಅತ್ತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಇಲ್ಲಿಂದಲೇ ಎಲ್ಲವನ್ನೂ ಅಳಿಸಿ ಸುಮ್ಮನಾಗಬಹುದಿತ್ತು. ಮನೆ ತಣ್ಣಗಿರುತ್ತಿತ್ತು, ನೀನು ಕಾಯಿಲೆಯವಳಾಗಿಯೇ ಉಳಿಯುತ್ತಿದ್ದೆ, ಕೈಸಾ ನನ್ನವಳಾಗುತ್ತಿದ್ದಳು. ಎರಡು ದಿನ ಇದನ್ನೇ ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಬಟ್ಟೆ ಒಗೆಯುವ ಯಂತ್ರವನ್ನು ಮುಂದಕ್ಕೆ ಎಳೆ. ಹಿಂದಿನ ಹಲಗೆಗೆ ಎರಡೇ ಮೊಳೆ. ಒಳಗೆ ರಿಲೇಯ ಪುಟ್ಟ ನೀಲಿ ಪೆಟ್ಟಿಗೆ, ಅದರಿಂದ ಹೊರಟ ಎರಡು ಕಂದು ತಂತಿ. ಮೊದಲು ಸ್ಕ್ರಾಬಾನನ್ನು ಕರೆಸಿ ತೋರಿಸು, ಆಮೇಲೆ ಕತ್ತರಿಸು. ಈ ಪತ್ರವನ್ನು ನಿನ್ನ ವಕೀಲರಿಗೆ ಕೊಡು. ಇದನ್ನು ಓದಿದ ಮೇಲೆ ಯಾವ ನ್ಯಾಯಾಧೀಶರೂ ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಸಹಿ ಮಾತ್ರ ಹಾಕಬೇಡ, ಐಲಾ.

ಆರ್ನೆ

ಮರೆಮಾಚಿದ್ದು: ನಿನ್ನ ಪಾಡು ಭಾನುವಾರವಷ್ಟೇ ನನಗೆ ತಿಳಿಯಿತು ಎಂಬಂತೆ ಮೇಲೆ ಬರೆದಿದ್ದೇನೆ. ಹಾಗಲ್ಲ. ನವೆಂಬರ್ ಹದಿನೈದರ ಶನಿವಾರ ಕೈಸಾ ನನ್ನಲ್ಲಿಗೆ ಬಂದಿದ್ದಾಗ, ಬನ್ನಿನ ಮೇಲಿನ ಗುಲಾಬಿ ಸಕ್ಕರೆ ನೆಕ್ಕುತ್ತ ಹೇಳಿದ್ದಳು: "ಅಪ್ಪಾ, ಅಮ್ಮ ಗೋಡೆ ತುಂಬ ಚೀಟಿ ಅಂಟಿಸ್ತಾಳೆ. 'ಹದಿನಾರಕ್ಕೆ ನಾನೇ ಇಟ್ಟೆ' ಅಂತ ಬರೀತಾಳೆ, ಟೈಮೂ ಬರೀತಾಳೆ. ಆಮೇಲೆ ಅದನ್ನೇ ಓದ್ಕೊಂಡು ಅಳ್ತಾಳೆ." ಅವಳನ್ನು ನಿನ್ನ ಬಾಗಿಲಲ್ಲಿ ಬಿಟ್ಟು ಬಂದ ಆ ಸಂಜೆಯೂ ಗುಂಡಿ ಒತ್ತಿದೆ. ಅಲ್ಲಿಂದ ಮೊನ್ನೆಯವರೆಗೆ ಒಂದು ಸಂಜೆಯೂ ತಪ್ಪಿಸಲಿಲ್ಲ. ಕೆಲವು ಸಂಜೆ ಅಂಥ ಚಳಿಯೇನೂ ಇರಲಿಲ್ಲ.