ಸೂಗಪ್ಪ ಮಾವನ ಮಾಳಿಗೆ

ಮಲ್ಕಾಜ್‌ಗಿರಿ, ಹೈದರಾಬಾದ್
೧೮ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ವಿಶ್ವಜಿತ್ ಅವರಿಗೆ,

ಹೊಟ್ಟೆನೋವು ಕಡಿಮೆಯಾಯಿತೇ? ಗುಂತಕಲ್ಲಿನ ಮೆಸ್ಸಿನಲ್ಲಿ ಖಾರ ವಿಪರೀತ ಎಂದಿದ್ದಿರಿ, ಮಜ್ಜಿಗೆ ಬಿಡಬೇಡಿ. ತರಬೇತಿ ಮುಗಿಯುವವರೆಗೆ ಮಿರ್ಚಿಭಜಿ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದೀರಿ, ನೆನಪಿರಲಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಹೊರಟೆ, ಕೈ ಬರಲಿಲ್ಲ. ಬುಧವಾರದಿಂದ ತುತ್ತು ಬಾಯಿಗೆ ತಂದರೆ ವಾಕರಿಕೆ. ಸಿಹಿಸುದ್ದಿ ಎಂದು ಹಿಗ್ಗಬೇಡಿ, ಅದಲ್ಲ. ಫೋನಿನಲ್ಲಾದರೆ ನೀವು ನಡುವೆಯೇ ಸಮಾಧಾನ ಹೇಳಿಬಿಡುತ್ತೀರಿ, ಅದಕ್ಕೇ ಕಾಗದ.

ಕೊಂಡಾಪುರದ ಸಾಕುಪ್ರಾಣಿಗಳ ಆಸ್ಪತ್ರೆಯಲ್ಲಿ ನನಗೆ ಈ ಮೊದಲ ಕೆಲಸ ಕೊಡಿಸಿದವರು ನಿಮ್ಮ ಸೋದರಮಾವ ಸೂಗಪ್ಪನವರು. ಹಿಮಾಯತ್‌ನಗರದ ಬಟ್ಟೆ ಅಂಗಡಿಯ ಜೊತೆಗೆ ನಾಯಿಮರಿ ಮಾರುವ ವ್ಯಾಪಾರವೂ ಅವರಿಗಿದೆಯೆಂದು ನಮಗೆ ಗೊತ್ತಿತ್ತು. ಅದು ಎಂಥದ್ದೆಂದು ಗೊತ್ತಿರಲಿಲ್ಲ. ಬುಧವಾರ ಒಂದು ಪಗ್ ನಾಯಿಯನ್ನು ಗೋಣಿಯಲ್ಲಿ ಸುತ್ತಿ ತಂದರು. ಮರಿ ಹೊರಗೆ ಬರದೆ ಒದ್ದಾಡುತ್ತಿತ್ತು. ಗೋಣಿ ಬಿಚ್ಚಿದಾಗ ಎದ್ದ ನಾತಕ್ಕೆ, ಸತ್ತ ದನಗಳ ಹೊಟ್ಟೆ ಬಗೆದು ಕಲಿತ ನಾನೇ ಮುಖ ತಿರುಗಿಸಿದೆ. ತೊಡೆಯ ಚರ್ಮ ಉಚ್ಚೆಯಲ್ಲಿ ಬೆಂದು ಸುಲಿದಿತ್ತು. ಬಾಲದ ಸುರುಳಿಯಲ್ಲಿ ಹುಳ ಮಿಜಿಗುಡುತ್ತಿದ್ದವು. ಹಿಂದೆ ಎರಡು ಸಲ ಕೊಯ್ದಿದ್ದ ಗಾಯದ ಮೇಲೆಯೇ ನಾನೂ ಕೊಯ್ಯಬೇಕಾಯಿತು. ಎರಡು ಮರಿ ಬದುಕಿದ್ದವು. ಇನ್ನೊಂದು ಒಳಗೇ ಕೊಳೆತು, ಬೆರಳ ಸಂದಿಯಲ್ಲಿ ಜಾರಿ ಬಂತು. ಗರ್ಭಚೀಲ ಹಿಡಿದಲ್ಲೆಲ್ಲ ಹರಿಯುತ್ತಿತ್ತು.

ಹೊರಗೆ ಬಂದು, ಅದನ್ನು ತೆಗೆಯದಿದ್ದರೆ ನಾಯಿ ಉಳಿಯುವುದಿಲ್ಲ ಎಂದೆ. ಮಾವ ಮರಿಗಳ ಮೂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. “ಮೂಗು ಭಾಳ ಛಲೋ ಚಪ್ಪಟ ಐತಿ. ಚೀಲ ಹೊಲದು ಒಳಗ ಹಾಕವ್ವ, ಇನ್ನೊಂದು ಸಲಕ್ಕ ಬರತೈತಿ” ಎಂದರು. ಆಸ್ಪತ್ರೆಯ ಯಜಮಾನರೂ ಡಾಕ್ಟರೇ. ಮೊಬೈಲಿನಿಂದ ತಲೆ ಎತ್ತದೆ, ಮಾಲು ಅವರದು, ಹೇಳಿದಷ್ಟು ಮಾಡು ಎಂದರು. ನಾನು ಒಳಗೆ ಹೋಗಿ ಗರ್ಭಚೀಲ ತೆಗೆದೆ. ತಟ್ಟೆಯಲ್ಲಿಟ್ಟು ತಂದು ಇಬ್ಬರ ಮುಂದೆಯೂ ಹಿಡಿದೆ. ಮಾವ ಕರವಸ್ತ್ರದಿಂದ ಮೂಗು ಮುಚ್ಚಿ, “ಥೂ, ಹೆಣ್ಮಗಳಾಗಿ ಇದೇನವ್ವ ಹೊಲಸು!” ಎಂದರು. ಹೊಲಸು ನನ್ನದಂತೆ! ನಾಳೆಯಿಂದ ಬರಬೇಡವೆಂದು ಯಜಮಾನರು ಅಲ್ಲೇ ಹೇಳಿದರು.

ಗಾಯ ನೋಡದೆ ಮನಸ್ಸು ತಡೆಯಲಿಲ್ಲ. ನಿನ್ನೆ ಬೆಳಿಗ್ಗೆ ಮಾವನ ಮನೆಗೇ ಹೋದೆ. ಮಾವ ಅಂಗಡಿಗೆ ಹೋಗಿದ್ದರು. ಭವಾನಿ ಅತ್ತೆ ಪ್ರೀತಿಯಿಂದಲೇ ಚಹಾ, ಚೂಡಾ ತಂದಿಟ್ಟರು. ಮನೆ ತುಂಬ ಊದಿನಕಡ್ಡಿಯ ಹೊಗೆ. ಏಕೆಂದು ಮಾಳಿಗೆ ಹತ್ತಿದ ಮೇಲೆ ತಿಳಿಯಿತು. ಒಂದರ ಮೇಲೊಂದು ಪಂಜರ. ಮೇಲಿನ ನಾಯಿಗಳ ಹೇಲು ಕೆಳಗಿನವುಗಳ ಮೈಮೇಲೆ. ನನ್ನ ಪಗ್ ಎಲ್ಲಕ್ಕಿಂತ ಕೆಳಗೆ, ಹೊಲಿಗೆಗೆ ಅದೇ ಮೆತ್ತಿಕೊಂಡು, ಅದನ್ನೇ ನೆಕ್ಕುತ್ತ ಮಲಗಿತ್ತು. ಹಿಂದಿನಿಂದ ಅತ್ತೆ, “ಅದನ್ನೇನು ನೋಡ್ತೀ, ಚಾ ಆರಾಕತ್ತೈತಿ, ಬಾರವ್ವ” ಎಂದು ಕರೆದರು. ಗಾಯ ತೊಳೆದು ಔಷಧ ಹಚ್ಚಿ ಕೆಳಗಿಳಿದೆ. ಆ ಚಹಾ ಕುಡಿಯಲಾಗಲಿಲ್ಲ. ನಮ್ಮ ಮದುವೆಯಲ್ಲಿ ಈ ಮನೆಯವರೇ ಉಡಿ ತುಂಬಿದ್ದರೆಂದು ನೆನೆದರೆ ಮೈಯೆಲ್ಲ ತೊಳೆದುಕೊಳ್ಳೋಣ ಅನ್ನಿಸುತ್ತದೆ.

ಬೇರೆ ಕೆಲಸ ಹುಡುಕುತ್ತೇನೆ, ಚಿಂತೆ ಬೇಡ. ವೇಳೆಗೆ ಸರಿಯಾಗಿ ಊಟ ಮಾಡಿ, ನಿದ್ದೆಗೆಡಬೇಡಿ.

ನಿಮ್ಮ,
ಪ್ರಾಜಕ್ತಾ

ತಾ.ಕ.: ರಾತ್ರಿಯ ಗಾಡಿಗೆ ಗುಂತಕಲ್ಲಿಗೆ ಹೊರಟಿರುವ ಪಕ್ಕದ ಮನೆಯ ಹಣಮಂತರಾಯರು ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾರೆ. ನಿನ್ನೆ ಸಂಜೆ, ಮಾಳಿಗೆಯಲ್ಲಿ ತೆಗೆದ ಫೋಟೋಗಳ ಸಮೇತ ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ನನ್ನ ಹೆಸರಿನಲ್ಲೇ. ನಾಳೆ ಅವರು ಮಾವನ ಮನೆಗೆ ಹೋಗುತ್ತಾರೆ. ನಿಮ್ಮ ತಾಯಿಯವರು ತಮ್ಮನ ಪರವಾಗಿ ನಿಮಗೆ ಫೋನ್ ಮಾಡುತ್ತಾರೆ. ಏನು ಬೇಕಾದರೂ ಹೇಳಿ, ನನಗೇನೂ ಗೊತ್ತಿಲ್ಲ ಎಂದು ಮಾತ್ರ ಹೇಳಬೇಡಿ. ಈಗ ನಿಮಗೆ ಗೊತ್ತಿದೆ.