ಕಾಯಿಸಿದ ಹರಳಿನಲ್ಲಿ ಕಾಣದ ಉಬ್ಬು

ಫೆಬ್ರವರಿ ೧೯, ಬುಧವಾರ

ಮುದ್ದು ಮಗಳು ಗುಬ್ಬಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ. ಅಮ್ಮನ ಮಂಡಿನೋವು ಈಗ ಪರವಾಗಿಲ್ಲ. ಬಾಯಂತೂ ಎಂದಿನಂತೆ ಚುರುಕಾಗಿದೆ.

ಹೋದ ವಾರ, ನೀನು ನಮ್ಮ ಪ್ರಯೋಗಾಲಯದಲ್ಲಿದ್ದಾಗ ಮಾಡಿದ ಹಾಗೆಯೇ, ಹರಳನ್ನು ಗಾಳಿ ತೆಗೆದ ವ್ಯಾಕ್ಯೂಮ್ ಚೇಂಬರಿನೊಳಗೇ ಕೆಂಪಗೆ ಕಾಯಿಸಿ ಅಳೆದೆ. ಗ್ರಾಫಿನಲ್ಲಿ, ನಾನು ಹೊಸ ಶೋಧವೆಂದು ಮೆರೆಸಿದ್ದ ನನ್ನ ಉಬ್ಬು ಇಲ್ಲ! ಮತ್ತೆ ಅಳೆದೆ, ಇಲ್ಲ. ಒಂದು ದಿನ ಹಾಗೇ ಬಿಟ್ಟೆ. ಚೇಂಬರಿನಲ್ಲಿ ಉಳಿದಿದ್ದ ಚೂರುಪಾರು ಅನಿಲ ಮತ್ತೆ ಹರಳಿಗೆ ಬಂದು ಅಂಟಿಕೊಂಡಿತು, ಉಬ್ಬು ಮರಳಿ ಎದ್ದು ನಿಂತಿತು.

"ಯಾಕ್ರೀ, ಊಟ ಸೇರ್ತಿಲ್ವಾ?" ಎಂದು ಅಮ್ಮ ಬೆನ್ನುಬಿದ್ದಳು. ಬಿಡಿಸಿ ಹೇಳಿದೆ. ಹರಳಿನ ಒಳಗಿನ ಪರಮಾಣುವಿಗೆ ಎಲ್ಲ ಕಡೆಯೂ ನೆರೆಯವರು, ಮೇಲ್ಮೈಯದಕ್ಕೆ ಒಂದು ಕಡೆ ಬರೀ ಬಯಲು. ಅದಕ್ಕೇ ಮೇಲ್ಮೈಯ ಎಲೆಕ್ಟ್ರಾನ್‌ಗಳಿಗೆ ಒಳಗೆಲ್ಲೂ ಸಿಗದ ಶಕ್ತಿಮಟ್ಟ ಸಿಗಬಹುದು. ಗ್ರಾಫಿನ ಆ ಉಬ್ಬು ಅಂಥದೊಂದು ಹೊಸ ಮಟ್ಟದ ಗುರುತೆಂದು ಪ್ರಬಂಧ ಬರೆದು ಊರೆಲ್ಲ ಸಾರಿದ್ದೆ. ಅದು ಹರಳಿನದಲ್ಲ, ಮೇಲೆ ಅಂಟಿದ ಅನಿಲದ್ದು; ಕಾಯಿಸಿದರೆ ಅನಿಲ ಹಾರಿಹೋಗುತ್ತದೆ, ಜೊತೆಗೆ ಉಬ್ಬೂ.

"ಅಂದ್ರೆ ಕೊಳೆ," ಎಂದಳು ಅಮ್ಮ. "ಮಗಳು ಕೊಳೆ ತೆಗೆದಳು ಅಂತ ಅವಳಿಗೇ ಬೈದ್ರಾ? ಎಲ್ಲರ ಮುಂದೆ ಅಂದಿದ್ದನ್ನ ಎಲ್ಲರ ಮುಂದೇನೇ ವಾಪಸ್ ತಗೊಳ್ಳಿ."

ಬೈದದ್ದಷ್ಟೇ ಆಗಿದ್ದರೆ ಬೇರೆ ಮಾತು. ನೀನು ಕಾಯಿಸಿದಾಗ ಉಬ್ಬು ಕಾಣಲಿಲ್ಲವೆಂದು, "ಹರಳು ಸುಟ್ಟು ಹಾಳು ಮಾಡಿದ್ದೀಯ, ಕೈಗೆ ಹದ ಗೊತ್ತಿಲ್ಲ" ಎಂದು ಅಷ್ಟು ಜನರೆದುರು ಅಂದೆನಲ್ಲ! ಆ ಮಾತು ನಿನಗಿಂತ ಮೊದಲೇ ನಿನ್ನ ಹೊಸ ಕೆಲಸದ ಜಾಗ ತಲುಪಿದೆ, ಅಲ್ಲಿ ನಿನ್ನನ್ನು ಯಂತ್ರ ಮುಟ್ಟಲೂ ಬಿಡುತ್ತಿಲ್ಲ ಎಂದು ಬರೆದಿದ್ದೀಯ. ಓದಿ ನಾಚಿಕೆಯಿಂದ ಕುಗ್ಗಿಹೋದೆ.

ಸೋಮವಾರ ವಿಭಾಗದ ಸಭೆಯಲ್ಲಿ ಎದ್ದು ನಿಂತೆ. ನನ್ನ ಉಬ್ಬು ಸುಳ್ಳು, ಪ್ರಬಂಧ ವಾಪಸು ಪಡೆಯುತ್ತೇನೆ ಎಂದೆ. ಯಾರೂ ನಗಲಿಲ್ಲ, ಚಪ್ಪಾಳೆ ಬೇರೆ ತಟ್ಟಿದರು. "ಇಂಥ ಪ್ರಾಮಾಣಿಕರು ಎಲ್ಲಿ ಸಿಗ್ತಾರೆ!" ಎಂದರು ಮುಖ್ಯಸ್ಥರು.

ಹೊತ್ತುಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಮಗಳೇ, ಬೇಗ ನಿನ್ನ ಕೈಗೆ ಯಂತ್ರ ಸಿಗಲಿ.

ನಿನ್ನ ಅಪ್ಪ

ಇನ್ನೊಂದು ಮಾತು, ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಚಪ್ಪಾಳೆ ನಿಂತ ಮೇಲೆ ಮುಖ್ಯಸ್ಥರು, "ಕಾಯಿಸಿ ನೋಡ್ಬೇಕು ಅಂತ ಮೊದ್ಲು ಹೊಳೆದಿದ್ದು ಯಾರಿಗೆ ಸಾರ್?" ಎಂದು ಕೇಳಿದರು. ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ನನಗೇ" ಅಂದುಬಿಟ್ಟೆ, ಗುಬ್ಬೀ.