ಅವ್ವ ಜೈಲಿಗೆ ಹೇಳಿದ ಸುದ್ದಿ

ಫೆಬ್ರವರಿ ಮೂವತ್ತು, 2187

ಹಿಂದಿನ ಕಾಲದ ಹಿರಿಯರಿಗೆ ಇಂದುಮತಿಯ ಶರಣು.

ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತುಗಳೂ ಹೀಗೇ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮ ಕಾಲದಲ್ಲಿ ಮೊಬೈಲನ್ನು ಕದ್ದುಮುಚ್ಚಿ ಜೈಲಿನೊಳಗೆ ಸಾಗಿಸುತ್ತಿದ್ದರಂತೆ. ಈಗ ಸರ್ಕಾರವೇ ಪ್ರತಿ ಕೈದಿಯ ಕೈಗೆ ಮಾತುಮಣಿ ಕಟ್ಟುತ್ತದೆ. ಹುಣಸೆಬೀಜದಷ್ಟು ಇರುವ ಅದು ಮನೆಯವರ ದನಿಗೆ ಮಾತ್ರ ಓಗೊಡುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಕೈದಿಗೆ ಊರ ಸುದ್ದಿ ಒಪ್ಪಿಸುವುದು ನಮ್ಮ ಕಡೆಯ ರೂಢಿ: ಯಾರು ಹೆತ್ತರು, ಯಾರ ಎಮ್ಮೆ ಈಯಿತು, ಯಾರ ಮದುವೆ ಮುರಿಯಿತು. ಏನನ್ನಾದರೂ ಮುಚ್ಚಿಟ್ಟರೆ ಅವನನ್ನು ಹೊರಗಿನವನೆಂದು ಎಣಿಸಿದಂತೆ.

ನನ್ನ ತಮ್ಮ ವೀರೇಶ ಒಬ್ಬ ಧಣಿಯ ಮಾತು ಕೇಳಿ ಕೊಲೆಯಲ್ಲಿ ಕೈಯಾಡಿಸಿ ಜೈಲು ಸೇರಿದ. ಧಣಿಯೂ ಅಲ್ಲೇ ಇದ್ದಾನೆ. ಆ ಕೊಲೆಯನ್ನು ಕಣ್ಣಾರೆ ಕಂಡು ಸಾಕ್ಷಿ ಹೇಳಿದವಳು ನಮ್ಮ ಓಣಿಯ ನೀಲಗಂಗಾ. ಸರ್ಕಾರ ಅವಳನ್ನು ಬೇರೆ ಊರಲ್ಲಿ ಅಡಗಿಸಿಟ್ಟಿತ್ತು. ಪಶ್ಚಾತ್ತಾಪದಿಂದ ಬೇಯುತ್ತಿದ್ದ ವೀರೇಶ ದಿನವೂ ಅವಳ ಕ್ಷೇಮ ವಿಚಾರಿಸುತ್ತಿದ್ದ. ಒಮ್ಮೆ ಸವಣೂರ ಸಂತೆಗೆ ಹೋಗಿದ್ದಾಗ ಅವ್ವ ಅವಳನ್ನು ಕಂಡಳು. ಅಂದು ಸಂಜೆ ಮಗನಿಗೆ ಹಿಗ್ಗಿ ಹೇಳಿದಳು: “ಆರಾಮ ಅದಾಳಪಾ, ಸವಣೂರಾಗ ಬಳಿ ಅಂಗಡಿ ಇಟ್ಟಾಳ. ಇನ್ನರೆ ಕಣ್ತುಂಬ ನಿದ್ದಿ ಮಾಡು.”

ಮಣಿಯಲ್ಲೇ ಸಿನಿಮಾ ನೋಡುವ ಆಸೆಗೆ ವೀರೇಶ ಅದರ ಒಳಬೀಗವನ್ನು ಜೊತೆಯ ಕೈದಿಯಿಂದ ಬಿಚ್ಚಿಸಿಕೊಂಡಿದ್ದ. ಬಿಚ್ಚಿದವನು ಧಣಿಯ ಕಡೆಯವನು. ಅಂದಿನಿಂದ ನಮ್ಮ ಮನೆಯ ಮಾತೆಲ್ಲ ಧಣಿಯ ಕಿವಿಗೂ ಬೀಳುತ್ತಿತ್ತು. ವಾರದೊಳಗೆ ಅಂಗಡಿಗೆ ಬೆಂಕಿ ಬಿತ್ತು, ನೀಲಗಂಗಾಳ ಎರಡೂ ಕೈ ಸುಟ್ಟವು. ಅಧಿಕಾರಿಗಳು ಆ ಜೈಲಿನ ಎಲ್ಲ ಕೈದಿಗಳ ಮಣಿಗಳನ್ನೂ ಕಿತ್ತುಕೊಂಡರು. ಮಕ್ಕಳ ದನಿಗಾಗಿ ಸಂಜೆಯ ದಾರಿ ಕಾಯುತ್ತಿದ್ದ ತಾಯಂದಿರು ಈಗ ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಸಿಟ್ಟು ಮಣಿ ಬಿಚ್ಚಿಸಿದ ಮಗನ ಮೇಲಷ್ಟೇ ಎಂದು ಅವ್ವ ತಿಳಿದಿದ್ದಾಳೆ; ಬೆಂಕಿಗೆ ದಾರಿ ತೋರಿದ್ದು ತನ್ನ ಮಾತೇ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ. ನಾನೂ ಹೇಳಿಲ್ಲ. ನಾಚಿಕೆಯಿಂದ ತಲೆಯೆತ್ತಿ ನಡೆಯಲಾರೆ.

ಕೈದಿಗೆ ಇಂಥದ್ದೇನೂ ಕೊಡಬೇಡಿ ಎನ್ನಲಾರೆ. ಅವ್ವನ ದನಿ ಕೇಳಿ ಕೇಳಿಯೇ ವೀರೇಶ ಮನುಷ್ಯನಾದ. ಆದರೆ ಕೊಟ್ಟದ್ದನ್ನು ಯಾರು ಬಿಚ್ಚಿದ್ದಾರೆಂದು ದಿನವೂ ನೋಡಿ. ಹೊರಗಿರುವ ನಮಗೂ ಬಾಯಿ ಬಿಗಿಹಿಡಿಯುವುದನ್ನು ಕಲಿಸಿ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ನೀಲಗಂಗಾಳನ್ನು ಮತ್ತೊಂದು ಊರಿಗೆ ಕಳಿಸುತ್ತಾರಂತೆ. ನಾನು ಬಾಯಿ ತೆರೆಯುವ ಮೊದಲೇ ಅವಳು, “ಯಾವ ಊರು ಅಂತ ಕೇಳಬ್ಯಾಡವಾ ಇಂದೂ. ನೀ ಕೇಳಿದ್ರ ನಾ ಹೇಳಿಬಿಡ್ತೀನಿ,” ಎಂದಳು.

ನಾನು ಕೇಳಲಿಲ್ಲ. ಸುಟ್ಟ ಕೈಯಲ್ಲಿ ಅವಳಿಗೆ ಲೋಟ ಹಿಡಿಯಲಾಗುವುದಿಲ್ಲ. ನೀರು ಕುಡಿಸಿ ಎದ್ದು ಬಂದೆ.